ಸಿಹಿ ತಿನ್ನದ ದಿನದ ಗುಳಿಗೆ

ತೆಲುಗು ಸೀಮೆಯ ನಾಚಾರಂನ ಕಾರ್ಖಾನೆಯೊಂದರಲ್ಲಿ ವಾಚ್‌ಮನ್ ಆಗಿದ್ದ ಅಮರೇಶಪ್ಪ ಡಾಕ್ಟರು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಮನುಷ್ಯ. ತಿರುಗಿ ಕೇಳಿದರೆ ದಡ್ಡನೆಂದಾರು ಎಂಬ ಅಳುಕು. ವಯಸ್ಸಾದವರಿಗೆ ಔಷಧದ ವಿಷಯ ಎಷ್ಟು ತಿಳಿದಿದೆ ಎಂದು ಸರ್ವೆ ಮಾಡಲು ಆ ಬೆಳಿಗ್ಗೆ ಓಣಿಯ ದವಾಖಾನೆಗೆ ಬಂದಿದ್ದ ಪ್ರಿಯಂವದಾ, ಸರದಿಯಲ್ಲಿ ಕೂತಿದ್ದ ಅವನ ಹೆಸರು ಕೇಳಿದ್ದೇ ಕನ್ನಡದವನೆಂದು ತಿಳಿದು ತೆಲುಗು ಬಿಟ್ಟು ಕನ್ನಡಕ್ಕೆ ಹೊರಳಿದಳು.

"ಕಾಕಾ, ಡಾಕ್ಟರ್ ಹೇಳಿದ್ದು ತಿಳಿತೈತೇನ್ರಿ?"

"ಎಲ್ಲಾ ತಿಳಿತೈತವ್ವ."

ಅವಳು ಹಾಗೇ ಬರೆದುಕೊಂಡಳು. ಆಮೇಲೆ ಅವನ ಕೈಯಲ್ಲಿದ್ದ ಸಕ್ಕರೆ ಕಾಯಿಲೆಯ ಗುಳಿಗೆ ತೋರಿಸಿ, "ಇವನ್ನ ಹ್ಯಾಂಗ ತಗೋತೀರಿ?" ಎಂದಳು.

"ಸಿಹಿ ತಿಂದ ದಿನ ಒಂದು. ತಿನ್ನಲಿಲ್ಲಂದ್ರ ಯಾಕ ಬೇಕು?"

ಪ್ರಿಯಂವದಾ ನಗಲಿಲ್ಲ. ಅದನ್ನೂ ಬರೆದು, ಪೆನ್ನು ಮುಚ್ಚಿಟ್ಟು, ಅನ್ನ ರೊಟ್ಟಿ ತಿಂದರೂ ರಕ್ತದಲ್ಲಿ ಸಕ್ಕರೆ ಏರುತ್ತದೆ ಎಂದು ವಿವರಿಸಿದಳು. ಅಮರೇಶಪ್ಪ ತಲೆಯಾಡಿಸುತ್ತಿದ್ದವನು ನಡುವೆ ತಡೆದ.

"ಯವ್ವಾ, ನನಗ ತಿಳೀಲಿಲ್ಲ. ಇನ್ನೊಮ್ಮೆ ಹೇಳ್ತೀಯೇನು?"

ಅವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಮೊದಲಿನಿಂದ ಹೇಳಿದಳು. ಈ ಸಲ ತಿಳಿಯಿತು. ಒಳಗೆ ಹೋಗಿ ಡಾಕ್ಟರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. ಅವರು ಬೈಯಲಿಲ್ಲ, ರಕ್ತ ಪರೀಕ್ಷೆಗೆ ಬರೆದುಕೊಟ್ಟು, ದಿನಾ ಊಟವಾದ ಮೇಲೆ ತಪ್ಪದೆ ನುಂಗಬೇಕೆಂದರು. ಹೊರಗೆ ಬಂದಾಗ ಅವನ ಮನಸ್ಸು ಹಗುರಾಗಿತ್ತು.