ನರಿಗೆ ಮೊಟ್ಟೆ ಕೊಡದ ಮನೆ

ಬೇಟೆಗಾರರು ನರಿಯನ್ನು ಕೋಲಿಗೆ ಕಟ್ಟಿಕೊಂಡು ಬಂದಾಗ ಸ್ಲಾವ್ಕಾ ಮೊಟ್ಟೆಯ ಬುಟ್ಟಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ನರಿ ಕೊಂದವರು ಊರಿನ ಕೋಳಿ ಉಳಿಸಿದವರು. ಅವರು ಮನೆಮನೆಗೂ ಹಾಡುತ್ತ ಬಂದರೆ ಹೆಂಗಸರು ಮೊಟ್ಟೆ ಕೊಡಬೇಕು. ಅವಳ ಅತ್ತೆ ಕೊಟ್ಟಿದ್ದಳು, ಅತ್ತೆಯ ಅತ್ತೆಯೂ ಕೊಟ್ಟಿದ್ದಳು. ಸಂಜೆ ಬೇಟೆಗಾರರ ಸಂಘದ ಗುಡಿಸಲಿನಲ್ಲಿ ಅವನ್ನು ಒಣಮಾಂಸದ ಜೊತೆ ಹುರಿದು ತಿಂದು ಕುಡಿಯುವವರಲ್ಲಿ ಅವಳ ಗಂಡ ಲೋವ್ರೆಯೂ ಒಬ್ಬ.

ಎಲ್ಲರಿಗಿಂತ ಮುಂದೆ ಇದ್ದವನು ಸಂಘದ ಮುಖ್ಯಸ್ಥ ಆಂದ್ರಿಯಾ. ಸ್ಲಾವ್ಕಾಳ ಐದು ವರ್ಷದ ಮಗಳು ನೇವಾಳಿಗೆ ಚರ್ಚಿನಲ್ಲಿ ದೀಕ್ಷಾಸ್ನಾನದಂದು ಧರ್ಮತಂದೆಯಾಗಿ ನಿಂತವನು. ಈಗ ಮಗುವನ್ನು ಎತ್ತಿಕೊಂಡು, ನರಿಯ ತುಟಿ ಸರಿಸಿ, ಅದರ ಹಲ್ಲು ಮುಟ್ಟಿಸುತ್ತಿದ್ದ. ನೇವಾ ಕಿಲಕಿಲ ನಗುತ್ತಿದ್ದಳು.

ಎಲ್ಲಿ ಗುಂಡು ಹಾರಿಸಿದಿರಿ ಎಂದು ಸ್ಲಾವ್ಕಾ ಮಾತಿಗೆ ಕೇಳಿದಳು. ಗುಂಡೇ ಬೇಕಾಗಲಿಲ್ಲ ಎಂದು ಆಂದ್ರಿಯಾ ನಕ್ಕ. ನಡುಹಗಲಲ್ಲಿ ಅದೇ ಬಂದು ಅವನ ಹಿತ್ತಿಲಲ್ಲಿ ನಿಂತಿತಂತೆ. ಮನುಷ್ಯರನ್ನು ಕಂಡರೂ ಓಡಲಿಲ್ಲವಂತೆ. ಹಂದಿಯ ಮರದ ತೊಟ್ಟಿಯನ್ನು ಕಚ್ಚುತ್ತ, ಜೊಲ್ಲು ಸುರಿಸುತ್ತ ಇತ್ತಂತೆ. ಸಲಿಕೆಯ ಒಂದೇ ಏಟು.

ಸ್ಲಾವ್ಕಾ ಬುಟ್ಟಿಯನ್ನು ಕೆಳಗಿಟ್ಟಳು. ಮಗುವನ್ನು ಅವನ ತೋಳಿನಿಂದ ಕಿತ್ತುಕೊಂಡು ನಲ್ಲಿಗೆ ಓಡಿದಳು. ಬುರಾ ಎಂಬ ಚಳಿಗಾಳಿಗೆ ನೇವಾಳ ಬೆರಳಿನ ಗೆಣ್ಣುಗಳು ಒಡೆದು ರಕ್ತ ಜಿನುಗುತ್ತಿತ್ತು. ಸೋಪು ಹಚ್ಚಿ ತೊಳೆದಳು, ಮತ್ತೆ ಹಚ್ಚಿದಳು, ಮಗು ಉರಿಯೆಂದು ಅತ್ತರೂ ಬಿಡಲಿಲ್ಲ.

ವಾಪಸು ಬಂದಾಗ ಹಾಡು ನಿಂತಿತ್ತು. ನರಿಯ ತಲೆ ಇವತ್ತೇ ಸ್ಪ್ಲಿಟ್ ನಗರದ ಪ್ರಯೋಗಾಲಯಕ್ಕೆ ಹೋಗಬೇಕು, ರೇಬೀಸ್ ಇದೆಯೇ ನೋಡಬೇಕು ಎಂದಳು.

"ಸತ್ತಿದ್ದು ಕಚ್ಚುತ್ತೇನಮ್ಮ?" ಆಂದ್ರಿಯಾ ಹೇಳಿದ. "ತಲೆ ಕೊಟ್ರೆ ಸಂಘದ ಗೋಡೆಗೆ ಏನ್ ತೂಗುಹಾಕ್ಲಿ, ಬಾಲಾನಾ?"

ಗಂಡಸರು ನಕ್ಕರು. ಸ್ಲಾವ್ಕಾ ನಗಲಿಲ್ಲ. ಶರತ್ಕಾಲದಲ್ಲಿ ಸರ್ಕಾರದವರು ನರಿಗಳಿಗೆಂದು ಮೀನಿನ ವಾಸನೆಯ ಲಸಿಕೆ ತುಂಡುಗಳನ್ನು ಡಬ್ಬಿಗಟ್ಟಲೆ ಕಳಿಸಿದ್ದರು. ಗುಡ್ಡದ ಮೇಲೆ ವಿಮಾನದಿಂದ ಚೆಲ್ಲುತ್ತಾರೆ, ಮನೆಗಳ ಹತ್ತಿರ ಬೇಟೆಗಾರರೇ ಕೈಯಿಂದ ಇಡಬೇಕು. ಅವನ್ನು ತಿಂದ ನರಿಗೆ ರೇಬೀಸ್ ಬರುವುದಿಲ್ಲ. ಊರ ಸುತ್ತ ಇಟ್ಟಿದ್ದರೆ ಈ ನರಿ ಹೀಗೇಕಾಯಿತು ಎಂದು ಕೇಳಿದಳು.

ಹಿಂದಿನಿಂದ ಯಾರೋ, "ನರಿಗೆ ಲಸಿಕೆಯಂತೆ. ಇನ್ನು ಕನ್ನಡಕಾನೂ ಕೊಡಿಸ್ತಾರೆ ನೋಡು, ಕೋಳಿ ಚೆನ್ನಾಗಿ ಕಾಣ್ಲಿ ಅಂತ," ಎಂದ.

ಸ್ಲಾವ್ಕಾ ಗಂಡನ ಕಡೆ ನೋಡಿದಳು. ಲೋವ್ರೆ ತನ್ನ ಬೂಟು ನೋಡುತ್ತಿದ್ದ.

ಅವಳಿಗೆ ಎಲ್ಲವೂ ತಿಳಿದುಹೋಯಿತು. ಆ ದಿನಗಳಲ್ಲಿ, ಲಸಿಕೆ ಇಟ್ಟಿದ್ದೇವೆ, ನಾಯಿ ತಿಂದುಬಿಡುತ್ತೆ, ಬಿಡಬೇಡ ಎಂದು ಹೇಳಿದವನು ಇವನೇ. ಅವಳು ನಾಯಿಯನ್ನು ಕಟ್ಟಿಹಾಕಿದ್ದಳು. ಅದು ಸರಪಳಿ ಎಳೆದು ಕೊರಗುವಾಗ, ನಮ್ಮ ಒಳ್ಳೆಯದಕ್ಕೇ ಕಣೋ ಎಂದು ಅದರ ಕಿವಿ ಸವರಿ ಸಮಾಧಾನ ಮಾಡಿದ್ದಳು. ಅಷ್ಟು ದಿನವೂ ಆ ಡಬ್ಬಿಗಳು ಸಂಘದ ಗುಡಿಸಲಿನಲ್ಲೇ ಕೊಳೆಯುತ್ತಿದ್ದವು. ಸೋಮಾರಿತನವನ್ನಾದರೂ ಕ್ಷಮಿಸಬಹುದಿತ್ತು. ಆದರೆ ಅವನಿಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತಿತ್ತು. ಗೊತ್ತಿದ್ದೂ ಸ್ವಂತ ಮಗಳು ಆ ಬಾಯಲ್ಲಿ ಕೈ ಇಡುವಾಗ ಹಾಡುತ್ತ ನಿಂತಿದ್ದ.

ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಹಾಕಿಕೊಂಡು ಬಂದು ಅವಳು ನರಿಯನ್ನು ಕೋಲಿನಿಂದ ಬಿಚ್ಚತೊಡಗಿದಳು. ಆಂದ್ರಿಯಾ ಕೋಲು ಬಿಡಲಿಲ್ಲ. ಈ ವಿಷಯ ಹೊರಗೆ ಹೋದರೆ ಬೇಟೆಯನ್ನೇ ನಿಲ್ಲಿಸುತ್ತಾರೆ, ಊರಿನ ಮಾನ ನೋಡು ಎಂದು ಮೆಲ್ಲಗೆ ಹೇಳಿದ.

"ಆಂದ್ರಿಯಾ, ನೀನು ಈ ಮಗುವಿನ ಧರ್ಮತಂದೆ," ಎಂದಳು. "ಕೈ ತೆಗಿ."

ಅವನು ಕೈ ತೆಗೆದ. ಅವಳು ನರಿಯನ್ನು ಗೊಬ್ಬರದ ಚೀಲಕ್ಕೆ ತುರುಕಿ, ಗಂಡನ ಜೇಬಿನಿಂದ ತಾನೇ ಕಾರಿನ ಕೀ ತೆಗೆದುಕೊಂಡಳು. ನಾನೂ ಬರಲೇ ಎಂದು ಅವನು ಕೇಳಿದ. ಅವಳು ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟಳು. ಮೊದಲು ಆಸ್ಪತ್ರೆ, ಆಮೇಲೆ ಪ್ರಯೋಗಾಲಯ.

ನರಿಗೆ ರೇಬೀಸ್ ಇತ್ತು.

ಅದನ್ನು ಮುಟ್ಟಿದವರೆಲ್ಲ ಆರೋಗ್ಯ ಕೇಂದ್ರದಲ್ಲಿ ಸಾಲುಗಟ್ಟಿದರು. ಮೊಟ್ಟೆ ಕೊಟ್ಟ ಮನೆಗಳ ಮಕ್ಕಳು, ತಾಯಂದಿರು, ಹಾಡಿದವರು. ಎರಡನೆಯ ಚುಚ್ಚುಮದ್ದಿಗೆಂದು ಬಂದ ನೇವಾಳ ಹಿಂದೆಯೇ ಆಂದ್ರಿಯಾ ತೋಳು ಮಡಿಸಿ ನಿಂತಿದ್ದ. ನರ್ಸಮ್ಮನಿಗೆ ಹೇಳುತ್ತಿದ್ದ: ಅನುಮಾನ ಬಂದ ಕೂಡಲೇ ನಮ್ಮ ಸಂಘದವರು ತಲೆ ಕಳಿಸಿಕೊಟ್ಟೆವು, ಇಲ್ಲದಿದ್ದರೆ ಈ ಮಕ್ಕಳ ಗತಿ ಏನಾಗುತ್ತಿತ್ತೋ. ನರ್ಸಮ್ಮ ಪಾಪ ತಲೆದೂಗಿ, ದೇವರು ನಿಮಗೆ ಒಳ್ಳೇದು ಮಾಡ್ಲಿ ಎಂದಳು.

ಸ್ಲಾವ್ಕಾಳಿಗೆ ಎಲ್ಲವೂ ಕೇಳಿಸಿತು. ಗೋಡೆಗೆ ಒರಗಿದ್ದ ಗಂಡನ ಕಡೆ ತಿರುಗಿ, ಸುಮ್ಮನೆ ನೋಡುತ್ತಲೇ ನಿಂತಳು. ಸಾಲು ಮುಂದೆ ಸರಿದರೂ ಅವಳು ಸರಿಯಲಿಲ್ಲ.

"ಕಳಿಸಿದ್ದು ನಾವಲ್ಲ," ಲೋವ್ರೆ ಕೊನೆಗೂ ಅಂದ. "ಇವಳು ತಗೊಂಡು ಹೋಗಿದ್ದು. ಲಸಿಕೇನೂ ನಾವು ಇಡ್ಲಿಲ್ಲ. ಡಬ್ಬಿ ಗುಡಿಸಲಲ್ಲೇ ಇದಾವೆ."

ತಾಯಂದಿರು ಒಬ್ಬೊಬ್ಬರಾಗಿ ತಮ್ಮ ಗಂಡಂದಿರ ಕಡೆ ತಿರುಗಿದರು.

ಲೋವ್ರೆ ಈಗ ಹೆಂಡತಿಯ ಮುಖವನ್ನೇ ನೋಡುತ್ತಿದ್ದ, ಏನೋ ಸಿಗಬಹುದೆಂದು ಕಾದವನಂತೆ. ಸ್ಲಾವ್ಕಾಳಲ್ಲಿ ಅವನಿಗೆ ಕೊಡಲು ಏನೂ ಇರಲಿಲ್ಲ. ಅವಳು ಮಗಳ ಅಂಗಿಯ ತೋಳು ಮೇಲೇರಿಸಿ ಸೂಜಿಯ ಕಡೆಗೆ ನಡೆದಳು.