ಕ್ಲೈವನ ಗಂಟಲು

ನಮ್ಮ ಸ್ಕಾಟ್ಲೆಂಡಿನಲ್ಲಿ ಸರೋವರಕ್ಕೆ ಲಾಖ್ ಎನ್ನುತ್ತೇವೆ. ಕೊನೆಯ ಅಕ್ಷರ ಗಂಟಲಿನ ತಳದಿಂದ, ಕ್ಯಾಕರಿಸಿದ ಹಾಗೆ ಬರಬೇಕು. ಕಾಲುವೆಯಲ್ಲಿ ದೋಣಿಗಳನ್ನು ಏರಿಸಿ ಇಳಿಸುವ, ಎರಡೂ ಕಡೆ ಬಾಗಿಲಿರುವ ತೊಟ್ಟಿಗೆ ಲಾಕ್. ಇಂಗ್ಲಿಷರು ನಮ್ಮ ಪದವನ್ನು ಎತ್ತಿಕೊಂಡು ಹೋದರು, ಗಂಟಲನ್ನು ಇಲ್ಲೇ ಬಿಟ್ಟರು. ಅವರಿಗೆ ಎರಡೂ ಲಾಕೇ.

ಸರೋವರದ ಅಂಚಿನ ನಮ್ಮ ಲಾಕ್ ಕಾಯಲು ಬರ್ಮಿಂಗ್‌ಹ್ಯಾಮಿನಿಂದ ನನ್ನ ಕೈಕೆಳಗೆ ಬಂದ ಕ್ಲೈವ್ ಟ್ರಾಂಟರ್ ಕೂಡ ಅಂಥವನೇ. ಮೈಮುರಿದು ದುಡಿಯುವವ. ಆದರೆ ವೈರ್‌ಲೆಸ್‌ನಲ್ಲಿ "ಲಾಖ್‌ನಲ್ಲೇ ನಿಲ್ಲಿ" ಅನ್ನಲು ಹೋಗಿ "ಲಾಕ್‌ನಲ್ಲೇ ನಿಲ್ಲಿ" ಅಂದು, ಒಂದು ದೋಣಿಯ ಮೂತಿಯನ್ನು ಮುಚ್ಚಿದ ಬಾಗಿಲಿಗೆ ಗುದ್ದಿಸಿದ. ಮೇಲಧಿಕಾರಿ ಮ್ಯಾಕ್ಲಾಖ್ಲನ್ ಕೆಂಡವಾದರು. ಅವರ ಹೆಸರನ್ನೂ ಇವನು ದಿನಾ ಕೆಡಿಸುತ್ತಿದ್ದನಲ್ಲ!

"ಶುಕ್ರವಾರ ನಾನೇ ಬಂದು ಕೇಳ್ತೀನಿ. ಸರಿಯಾಗಿ ಹೇಳಿದ್ರೆ ಕೆಲಸ ಖಾಯಂ. ಇಲ್ಲಾಂದ್ರೆ ಮನೆ ಖಾಲಿ ಮಾಡು."

ಮನೆ ಎಂದರೆ ಕಾಲುವೆ ದಂಡೆಯ ಎರಡು ಕೋಣೆ. ಹಿತ್ತಲಲ್ಲಿ ಅವನ ಹೆಂಡತಿ ಡೋರೀನ್ ಆಗಲೇ ಆಲೂಗಡ್ಡೆ ನೆಟ್ಟಿದ್ದಳು.

ನಾಲ್ಕು ದಿನ ಪಾಠ ಮಾಡಿದೆ.

"ಮೀನಿನ ಮುಳ್ಳು ಸಿಕ್ಕಿದೆ ಅಂದ್ಕೋ ಮಾರಾಯ. ಖ್ಹ್!"

"ಕ್!"

"ಆ ಬಾತುಕೋಳಿನೂ ನಿನಗಿಂತ ಚೆನ್ನಾಗಿ ಹೇಳುತ್ತೆ!"

"ಅದು ನಿಮ್ಮೂರಲ್ಲೇ ಹುಟ್ಟಿದ್ದಲ್ವಾ, ಇಶ್ಬೆಲ್!"

ಗುರುವಾರ ಸಂಜೆ ಅವನ ಹಿತ್ತಲಿನಿಂದ ಚೊಕ್ಕವಾದ "ಲಾಖ್" ಕೇಳಿಸಿತು. ಈ ವಯಸ್ಸಿನಲ್ಲಿ ಕುಣಿದುಬಿಟ್ಟೆ.

ಶುಕ್ರವಾರ ಮ್ಯಾಕ್ಲಾಖ್ಲನ್ ಪಕ್ಕದಲ್ಲೇ ಕೂತರು. ದೋಣಿಯೊಂದು ಕರೆಯಿತು. ಲಾಕಿನ ಬಾಗಿಲು ಇನ್ನೂ ಮುಚ್ಚಿತ್ತು. ಕ್ಲೈವ್ ಉಸಿರೆಳೆದು, ನಮ್ಮಜ್ಜಿಯೂ ಮೆಚ್ಚುವಂತೆ, "ಲಾಖ್‌ನಲ್ಲೇ ನಿಲ್ಲಿ" ಎಂದ.

"ಸರಿ, ಲಾಕ್‌ಗೆ ಬರ್ತಿದೀವಿ," ಎಂದಿತು ಲಂಡನ್ನಿನ ದನಿ.

ಮ್ಯಾಕ್ಲಾಖ್ಲನ್ ವೈರ್‌ಲೆಸ್ ಕಿತ್ತುಕೊಂಡರು. "ಲಾಖ್! ಲಾ...ಖ್ಖ್!"

"ಅಯ್ಯೋ, ಕೆಮ್ಮಾ? ನಿಂಬೆರಸ ಜೇನುತುಪ್ಪ ಬಿಸಿಯಾಗಿ ಕುಡೀರಿ. ಬಂದೇ ಬಿಟ್ವಿ."

ದೋಣಿ ನೇರ ಬಾಗಿಲತ್ತ ಬರುತ್ತಿತ್ತು. ಸಾಹೇಬರ ಕೈಯಿಂದಲೇ ಕ್ಲೈವ್ ವೈರ್‌ಲೆಸ್ ಕಸಿದ.

"ದೊಡ್ಡ ನೀರು ಕಣಣ್ಣಾ! ದೊಡ್ಡ ನೀರಲ್ಲೇ ಇರು! ಪುಟ್ಟ ನೀರಿಗೆ ಬರಬೇಡ!"

"ಓ! ಮೊದ್ಲೇ ಹಾಗನ್ನಬಾರ್ದಾ?"

ದೋಣಿ ನಿಂತಿತು. ಮ್ಯಾಕ್ಲಾಖ್ಲನ್ ಮುಖ ಕೆಂಪಗೆ ಮಾಡಿಕೊಂಡು ಎದ್ದು, ಕಿಟಕಿಯಾಚೆ ಕ್ಲೈವನ ಹಿತ್ತಲತ್ತ ನೋಡಿದರು.

"ಆಲೂಗಡ್ಡೆ ಕೀಳೋದು ಯಾವಾಗ?" ಎಂದರು.

"ಆಗಸ್ಟಲ್ಲಿ, ಮಿಸ್ಟರ್ ಮ್ಯಾಕ್ಲಾಖ್ಲನ್," ಎಂದ ಕ್ಲೈವ್. ಖ ಅದರ ಜಾಗದಲ್ಲೇ ಇತ್ತು.

"ನನಗೂ ಒಂದು ಚೀಲ ಎತ್ತಿಡು."