ಏಳನೇ ಪ್ರತಿ

ನೋವು ಜೆರ್ಟ್ರೂಡಳದ್ದು, ನನ್ನದಲ್ಲ. ಅದನ್ನು ಹೇಳಲು ನನಗೆ ಅಧಿಕಾರ ಇದೆಯೇ ಎಂಬ ಅನುಮಾನ ಇನ್ನೂ ಹೋಗಿಲ್ಲ. ಸಂಜೆ ಕಾಲೇಜಿನಲ್ಲಿ ಕಲಿತವಳು ನಾನು. ಬರವಣಿಗೆ ಎಡವಿದರೆ ಕ್ಷಮಿಸಿ. ಸಿಟ್ಟನ್ನು ಮಾತ್ರ ತಿದ್ದಲಾರೆ.

೧೯೮೨ರಲ್ಲಿ ಮಣಿಪಾಲದ ಒಂದು ಫೈನಾನ್ಸ್ ಕಚೇರಿಯಲ್ಲಿ ನಾನು ಟಪಾಲು ನೋಡಿಕೊಳ್ಳುತ್ತಿದ್ದೆ. ಪಕ್ಕದ ಮೇಜಿನಲ್ಲಿ ಟೈಪಿಸ್ಟ್ ಜೆರ್ಟ್ರೂಡ್. ಕಾರ್ಕಳದ ಹುಡುಗಿ, ಪರ್ಕಳದಲ್ಲಿ ಬಾಡಿಗೆ ಕೋಣೆ, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ನಮ್ಮಲ್ಲಿ ಪ್ರತಿ ಸುತ್ತೋಲೆಗೂ ಏಳು ಪ್ರತಿ ಬೇಕು. ನಡುನಡುವೆ ಕಾರ್ಬನ್ ಹಾಳೆ ಇಟ್ಟ ಆ ದಪ್ಪ ಕಟ್ಟನ್ನು ಯಂತ್ರಕ್ಕೆ ತುರುಕಿ, ಕೊನೆಯ ಹಾಳೆಯವರೆಗೂ ಅಕ್ಷರ ಇಳಿಯುವಂತೆ ಕುಟ್ಟಬೇಕು. ಟೈಪ್ ಮಾಡುವುದಲ್ಲ, ಕುಟ್ಟುವುದೇ. ಏಳನೆಯದು ಕಪಾಟಿಗೆ ಹೋಗುತ್ತಿತ್ತು. ಅದನ್ನು ಯಾರೂ ಹೊರತೆಗೆದದ್ದನ್ನು ನಾನು ನೋಡಿಲ್ಲ.

ಮಳೆಗಾಲ ಬರುವಾಗ ಅವಳ ಬಲ ಮಣಿಕಟ್ಟು ಊದಿಕೊಂಡಿತ್ತು. ಬಾವಿಯಿಂದ ನೀರು ಸೇದಲು ಆಗುತ್ತಿರಲಿಲ್ಲ. ಬಸ್ಸಿನ ಕಂಬಿ ಹಿಡಿಯುವುದಕ್ಕೂ ಎಡಗೈಯೇ. ಡಾಕ್ಟರು ಕೈಗೆ ವಿಶ್ರಾಂತಿ ಕೊಡಲು ಹೇಳಿದರು. ರಜೆ ಹಾಕಿದರೆ ಕೆಲಸ ಖಾಯಂ ಆಗುವುದಿಲ್ಲ. ಅವಳಿಗೆ ಟೈಪಿಂಗ್ ಕಲಿಸಿದ್ದ ಉಡುಪಿಯ ಮೇಷ್ಟ್ರು ಮಾತ್ರ, ಕೀಲಿ ಹಗುರ ಇರುವ ಯಂತ್ರವೂ ತಗ್ಗಿನ ಮೇಜೂ ಸಿಕ್ಕಿದರೆ ಕೈ ಉಳಿದೀತು ಎಂದಿದ್ದರಂತೆ.

ಆಗಲೇ ಹಳೆಯ ಯಂತ್ರ ಬದಲಿಸುವ ಮಾತು ಬಂತು. ನಾನು ಧೈರ್ಯ ಮಾಡಿ ಸೂಪರಿಂಟೆಂಡೆಂಟ್ ದೂಮಪ್ಪನವರಲ್ಲಿ ಹಗುರದ್ದನ್ನೇ ತರಿಸಲು ಕೇಳಿಕೊಂಡೆ. ಅವರು ತಕ್ಷಣ ಒಪ್ಪಿದರು.

"ಟೈಪ್ ಮಾಡುವವರೇ ಆರಿಸಲಿ ಅಲ್ವಾ? ನನಗೆಂತ ಉಂಟು?"

ಅದನ್ನು ನಂಬಿ ಓಡಿಹೋಗಿ ಜೆರ್ಟ್ರೂಡಳಿಗೆ ಹೇಳಿದೆ.

ಟೈಪ್ ಯಂತ್ರ ಮಾರುವ ಕಂಪನಿಯ ಲಿಯೋನೆಲ್ ಮಂಗಳೂರಿನಿಂದ ಎರಡು ಯಂತ್ರ ತಂದ. ಒಂದು ಬೂದು ಬಣ್ಣದ್ದು. ಬೆರಳು ಮುಟ್ಟಿದರೆ ಸಾಕು, ಕೀಲಿ ಇಳಿಯುತ್ತದೆ. ಇನ್ನೊಂದು ಕಪ್ಪು, ಕಬ್ಬಿಣದ ಗಟ್ಟಿ. ದೊಡ್ಡ ಅಕ್ಷರ ಬೇಕಾದಾಗ ಕಾಗದ ಸುತ್ತಿದ ರೋಲರನ್ನೇ ಕಿರುಬೆರಳಿನಿಂದ ಕೀಲಿ ಒತ್ತಿ ಎತ್ತಬೇಕು. ಬೂದು ಯಂತ್ರದಲ್ಲಿ ನಾಲ್ಕು ಸಾಲು ಹೊಡೆಯುವಷ್ಟರಲ್ಲಿ ಜೆರ್ಟ್ರೂಡಳ ಹೆಗಲು ಸಡಿಲವಾಯಿತು. ನನ್ನ ಕಡೆ ತಿರುಗಿ ನಕ್ಕಳು.

ದೂಮಪ್ಪನವರು ಎರಡರಲ್ಲೂ ಏಳು ಪ್ರತಿ ತೆಗೆದು ತೋರಿಸಲು ಹೇಳಿದರು. ಬೂದು ಯಂತ್ರದ ಏಳನೆಯ ಹಾಳೆ ಹೊಗೆ ಹಿಡಿದಂತೆ ಮಂಕಾಗಿತ್ತು. ಕಪ್ಪು ಯಂತ್ರಕ್ಕೆ ಕಟ್ಟು ಏರಿಸುವಾಗ ನಾನು ಬಗ್ಗಿ, ಮೆಲ್ಲ ಹೊಡೆ ಎಂದು ಪಿಸುಗುಟ್ಟಿದೆ. ಅವಳು ಕೇಳಲಿಲ್ಲ. ಹಲ್ಲು ಕಚ್ಚಿ ಹೊಡೆದಳು, ಒಂದೇ ಸಮ, ಒಂದು ಅಕ್ಷರವೂ ಮಂಕಾಗದಂತೆ. ಏಳನೆಯದು ಅಚ್ಚು ಒತ್ತಿದ ಹಾಗೆ ಬಂತು.

ದೂಮಪ್ಪನವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. "ನೋಡಿ, ಅವರೇ ಆರಿಸಿದ್ದು."

ಸುತ್ತ ನಿಂತವರು ನಕ್ಕರು. ಜೆರ್ಟ್ರೂಡ್ ನಗಲಿಲ್ಲ.

"ಸರ್, ಈ ಏಳನೆಯದ್ದನ್ನು ಯಾರು ಓದುವುದು?"

"ಅದು ನಿಮಗೆ ಯಾಕೆ ಮಾರಾಯ್ತಿ? ಮನೆಯಲ್ಲಿ ತೆಂಗಿನಕಾಯಿ ತುರಿಯುವಾಗ ಕೈ ನೋಯುವುದಿಲ್ವಾ?"

"ತುರಿದದ್ದನ್ನು ಯಾರಾದರೂ ತಿನ್ನುತ್ತಾರೆ ಸರ್."

ಲಿಯೋನೆಲ್ ಬೂದು ಯಂತ್ರವನ್ನು ಪೆಟ್ಟಿಗೆಗೆ ಇಳಿಸಿ, ಕಪ್ಪು ಯಂತ್ರಕ್ಕೆ ಸಹಿ ಹಾಕಿಸಿಕೊಂಡ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನನ್ನ ಸಿಟ್ಟು ಅವಳ ಮೇಲೆಯೇ ಹರಿಯಿತು. "ಎಂತಕ್ಕೆ ಹಾಗೆ ಹೊಡೆದದ್ದು ನೀನು?"

"ಮಂಕಾಗಿ ಬಂದರೆ ಇವಳಿಗೆ ಟೈಪ್ ಬರುವುದಿಲ್ಲ ಅಂತ ಬರೆಯುತ್ತಿದ್ದರು, ಮೋಹಿನಿ. ಆಮೇಲೆ ಎಂತ ಖಾಯಂ?"

ಹೇಗೆ ಹೊಡೆದರೂ ಸೋಲುವ ಪರೀಕ್ಷೆ ಇಟ್ಟು, ಆಯ್ಕೆ ನಿಮ್ಮದೇ ಎಂದಿದ್ದರು. ಅದನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಇನ್ನಂಜೆಗೆ ಹೋಗುವ ನನ್ನ ಬಸ್ಸು ಬಂದರೂ ಹತ್ತಲು ಮರೆತೆ.

ಕಪ್ಪು ಯಂತ್ರದಲ್ಲಿ ಅವಳು ದೀಪಾವಳಿಯವರೆಗೆ ಕುಟ್ಟಿದಳು. ಒಂದು ದಿನ ಬೆರಳುಗಳು ಮಡಚಲೇ ಇಲ್ಲ. ಸುತ್ತೋಲೆಯನ್ನು ಅರ್ಧಕ್ಕೆ ಬಿಟ್ಟು ಎದ್ದಳು. ವೇಗ ಸಾಲದು ಎಂದು ಕಾರಣ ಕೊಟ್ಟು ಅವಳನ್ನು ಕೆಲಸದಿಂದ ಬಿಡಿಸಿದರು. ಅವಳು ಎಡಗೈಯಲ್ಲಿ ಟ್ರಂಕು ಹಿಡಿದು ಕಾರ್ಕಳದ ಬಸ್ಸು ಹತ್ತಿದಳು. ನನಗೆ ದೂಮಪ್ಪನವರ ಮೇಜನ್ನು ಮಗುಚಿ ಹಾಕಬೇಕು ಅನ್ನಿಸಿತು. ಹಾಕಲಿಲ್ಲ, ಅವರು ಕರೆದಾಗ ಎದ್ದು ನಿಂತೆ.

ಹಗುರ ಯಂತ್ರ ಬಂದಿದ್ದರೆ ಆ ಕೈ ಉಳಿಯುತ್ತಿತ್ತೇ, ಅಥವಾ ಅಷ್ಟರಲ್ಲೇ ಕೆಟ್ಟುಹೋಗಿತ್ತೇ, ನನಗೆ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಈಗ ಅವಳು ಆ ಕೈಯಲ್ಲಿ ಒಂದು ಕೊಡ ನೀರಾದರೂ ಎತ್ತುತ್ತಾಳೆಯೇ ಎಂಬುದೂ ನನಗೆ ತಿಳಿದಿಲ್ಲ.